ಒಲೆಯಿಂದ ಬಾಯಿಗೆ ಎಷ್ಟು ಹೊತ್ತು?



ಜಪಾನಿನ ಪಟ್ಟಣಗಳಲ್ಲಿ ರೈಲು ನಿಲ್ದಾಣದ ಆಸುಪಾಸಿನಲ್ಲಿ ಒಂದು ಬಗೆಯ ಪುಟ್ಟ ಹೋಟೆಲು ತಪ್ಪದೆ ಕಾಣಸಿಗುತ್ತದೆ. ಒಳಗೆ ಉದ್ದನೆಯ ಒಂದು ಹಲಗೆ. ಅದರ ಮುಂದೆ ಎಂಟೋ ಹತ್ತೋ ಸ್ಟೂಲು. ಹಲಗೆಯ ಆಚೆ ಬದಿಗೆ ಉರಿಯುವ ಒಲೆ, ಕುದಿಯುವ ಎರಡು ದೊಡ್ಡ ಪಾತ್ರೆ. ಒಂದರಲ್ಲಿ ಸಾರು, ಇನ್ನೊಂದರಲ್ಲಿ ಬರೀ ನೀರು. ಗಿರಾಕಿ ಬಂದು ಕುಳಿತ ಮೇಲೆಯೇ ಗೋಧಿಯ ಎಳೆಗಳು ನೀರಿಗೆ ಬೀಳುತ್ತವೆ. ಎರಡು ಮೂರು ನಿಮಿಷದಲ್ಲಿ ಅವು ಬಸಿದು ಬಟ್ಟಲಿಗೆ ಬಂದು, ಮೇಲೆ ಬಿಸಿ ಸಾರು ಬೀಳುತ್ತದೆ. ಗಿರಾಕಿ ಮಾತನಾಡದೆ ಸುರ್ ಸುರ್ ಎಂದು ಹೀರಿ, ಹತ್ತು ಹದಿನೈದು ನಿಮಿಷದಲ್ಲಿ ಎದ್ದು ಹೋಗುತ್ತಾನೆ. ಈ ತಿಂಡಿಯ ಹೆಸರು ರಾಮೆನ್.

ಚಂದಕವಾಡಿಯಲ್ಲೋ ಗುಂಡ್ಲುಪೇಟೆಯಲ್ಲೋ ಕುಳಿತು ಓದುವ ನಮಗೆ ಜಪಾನಿನ ಹೋಟೆಲಿನ ಮಾತು ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಿಮ್ಮ ಮನೆಯಲ್ಲಿ ಹಬ್ಬಕ್ಕೆ, ನೆಂಟರು ಬಂದಾಗ ಒತ್ತು ಶಾವಿಗೆ ಮಾಡುತ್ತಾರೆ. ಸಂಜೆ ಕಾಲೇಜು ಬಿಟ್ಟು ಚಾಮರಾಜನಗರದಲ್ಲಿ ಬಸ್ಸು ಕಾಯುವಾಗ ತಳ್ಳುಗಾಡಿಯ ನೂಡಲ್ಸ್ ವಾಸನೆ ಮೂಗಿಗೆ ಬರುತ್ತದೆ. ಹಾಸ್ಟೆಲಿನಲ್ಲಿ ಇರುವವರ ಟ್ರಂಕಿನಲ್ಲಿ ಒಂದೆರಡು ನೂಡಲ್ಸ್ ಪೊಟ್ಟಣ ಇದ್ದೇ ಇರುತ್ತದೆ. ರಾಮೆನ್ ಇವೆಲ್ಲಕ್ಕೂ ಹತ್ತಿರದ ಬಂಧು. ಅದರ ಅಂಗಡಿ ಏಕೆ ಅಷ್ಟು ಚಿಕ್ಕದು, ಅಲ್ಲಿ ಏಕೆ ಅಷ್ಟು ಅವಸರ ಎಂಬ ಪ್ರಶ್ನೆಯ ಬೆನ್ನು ಹತ್ತಿದರೆ, ನಾವು ದಿನವೂ ತಿನ್ನುವ ತಿಂಡಿಯ ಬಗ್ಗೆ ತಿಳಿಯಲೇಬೇಕಾದ ಒಂದು ಸಂಗತಿ ಸಿಗುತ್ತದೆ.

ಎಳೆ ಕರಗದೆ ಹೇಗೆ ನಿಲ್ಲುತ್ತದೆ?

ಹಿಟ್ಟನ್ನು ನೀರಿಗೆ ಹಾಕಿದರೆ ಗಂಜಿಯಾಗುತ್ತದೆ. ಅದೇ ಹಿಟ್ಟಿನ ಎಳೆ ಕುದಿಯುವ ನೀರಿಗೆ ಬಿದ್ದರೂ ಎಳೆಯಾಗಿಯೇ ಉಳಿಯಬೇಕು. ಇದು ಸುಲಭದ ಕೆಲಸವಲ್ಲ. ಇದಕ್ಕೆ ಗೋಧಿಯ ನಾಡಿನವರು ಒಂದು ಉತ್ತರ ಕಂಡುಕೊಂಡರು, ಅಕ್ಕಿಯ ನಾಡಿನವರು ಇನ್ನೊಂದು.

ಗೋಧಿಯಲ್ಲಿ ಗ್ಲೈಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳಿವೆ. ನೀರು ಹಾಕಿ ನಾದಿದಾಗ ಇವು ಒಂದಕ್ಕೊಂದು ಹೆಣೆದುಕೊಂಡು ರಬ್ಬರಿನಂಥ ಬಲೆಯಾಗುತ್ತವೆ. ಈ ಬಲೆಗೆ ಗ್ಲುಟೆನ್ ಎಂದು ಹೆಸರು. ಪಿಷ್ಟದ ಕಣಗಳು ಬಲೆಯೊಳಗೆ ಸಿಕ್ಕಿಕೊಳ್ಳುವುದರಿಂದ ಗೋಧಿಯ ಹಸಿ ಎಳೆಯನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿದರೂ ಅದು ಚೆದುರುವುದಿಲ್ಲ.

ಅಕ್ಕಿಗೂ ರಾಗಿಗೂ ಈ ಬಲೆಯ ಭಾಗ್ಯವಿಲ್ಲ. ಆದ್ದರಿಂದ ನಮ್ಮ ತಾಯಂದಿರು ಕ್ರಮವನ್ನೇ ತಿರುಗುಮುರುಗು ಮಾಡಿದರು. ಮೊದಲು ಹಿಟ್ಟನ್ನು ಬಿಸಿನೀರಿನಲ್ಲಿ ತಿರುವಿ ಉಂಡೆ ಕಟ್ಟಿ ಬೇಯಿಸುತ್ತಾರೆ. ಆಮೇಲೆ ಬಿಸಿಯಿರುವಾಗಲೇ ಶಾವಿಗೆ ಒರಳಿಗೆ ಹಾಕಿ ಒತ್ತುತ್ತಾರೆ. ಪಿಷ್ಟದ ಕಣಗಳು ನೀರು ಕುಡಿದು, ಬಿಸಿಗೆ ಉಬ್ಬಿ, ಒಡೆದು ಅಂಟಾಗುತ್ತವೆ. ಈ ಅಂಟೇ ಇಲ್ಲಿ ಬಲೆಯ ಕೆಲಸ ಮಾಡುತ್ತದೆ. ಒತ್ತಿದ ಎಳೆ ಆರುತ್ತಿದ್ದಂತೆ ಪಿಷ್ಟದ ಅಣುಗಳು ಮತ್ತೆ ಒತ್ತೊತ್ತಾಗಿ ಸೇರಿ ಎಳೆ ಬಿಗಿಯಾಗುತ್ತದೆ. ಉಂಡೆ ಆರಿದರೆ ಒರಳು ತಿರುಗುವುದಿಲ್ಲ ಎಂದು ಅಜ್ಜಿ ಅವಸರ ಮಾಡುವುದು ಇದಕ್ಕೇ. ಗೋಧಿಯವರು ಎಳೆ ಮಾಡಿ ಬೇಯಿಸುತ್ತಾರೆ, ನಾವು ಬೇಯಿಸಿ ಎಳೆ ಮಾಡುತ್ತೇವೆ.

ಹಪ್ಪಳದ ಕಾರ, ರಾಮೆನ್ನಿನ ಹಳದಿ

ಚಪಾತಿ ಹಿಟ್ಟನ್ನೇ ಎಳೆಯಾಗಿ ಕತ್ತರಿಸಿದರೆ ಅದು ರಾಮೆನ್ ಆಗುವುದಿಲ್ಲ. ರಾಮೆನ್ ಹಿಟ್ಟಿಗೆ ಸೋಡಿಯಂ ಕಾರ್ಬೊನೇಟ್, ಪೊಟಾಸಿಯಂ ಕಾರ್ಬೊನೇಟ್ ಎಂಬ ಕ್ಷಾರಗಳನ್ನು ಸ್ವಲ್ಪ ಬೆರೆಸುತ್ತಾರೆ. ಜಪಾನಿನಲ್ಲಿ ಇದರ ಹೆಸರು ಕಾನ್ಸುಯಿ. ಇದು ನಮಗೆ ಹೊಸದಲ್ಲ. ಹಪ್ಪಳದ ಹಿಟ್ಟಿಗೆ ಹಾಕುವ ಕಾರವೂ ಇದೇ ಜಾತಿಯದು. ಕ್ಷಾರ ಸೇರಿದಾಗ ಗ್ಲುಟೆನ್ ಬಲೆ ಬಿಗಿಯಾಗಿ, ಎಳೆಗೆ ಜಗ್ಗುವ ಗುಣ ಬರುತ್ತದೆ. ಹಿಟ್ಟಿನಲ್ಲಿ ಬಣ್ಣವಿಲ್ಲದೆ ಅಡಗಿರುವ ಫ್ಲೇವನಾಯ್ಡ್ ಎಂಬ ವಸ್ತುಗಳು ಕ್ಷಾರದಲ್ಲಿ ಹಳದಿಯಾಗುತ್ತವೆ. ರಾಮೆನ್ನಿನ ತಿಳಿ ಹಳದಿಗೆ ಬಹುಪಾಲು ಇದೇ ಕಾರಣ, ಮೊಟ್ಟೆಯಲ್ಲ.

ಇನ್ನು ಸಾರು. ಕೋಳಿ ಅಥವಾ ಹಂದಿಯ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದಾಗ ಅದರಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಜಿಲೆಟಿನ್ ಆಗಿ ನೀರಿಗಿಳಿಯುತ್ತದೆ. ನಮ್ಮ ಕಾಲು ಸೂಪು ಕುಡಿದ ಮೇಲೆ ತುಟಿ ಅಂಟಂಟಾಗುವುದು ಇದರಿಂದಲೇ. ಸಮುದ್ರದ ಪಾಚಿಯ ಸಾರಿನಲ್ಲಿ ಉಪ್ಪು, ಹುಳಿ, ಸಿಹಿ, ಕಹಿ ಯಾವುದೂ ಅಲ್ಲದ ಒಂದು ರುಚಿ ಇದೆಯಲ್ಲ, ಅದೇನು ಎಂದು ಟೋಕಿಯೋದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಹುಡುಕಿದರು. ಅದು ಗ್ಲುಟಮೇಟ್ ಎಂದು ಕಂಡುಹಿಡಿದು ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಹಣ್ಣಾದ ಟೊಮೆಟೊದಲ್ಲಿಯೂ ಅದು ಧಾರಾಳವಾಗಿದೆ.

ಅಂಗಡಿ ಏಕೆ ಚಿಕ್ಕದು?

ಈಗ ಮೊದಲ ಪ್ರಶ್ನೆಗೆ ಬರೋಣ. ಬೆಂದ ಎಳೆ ಬಿಸಿ ಸಾರಿಗೆ ಬಿದ್ದ ಕ್ಷಣದಿಂದ ನೀರು ಹೀರುತ್ತಲೇ ಇರುತ್ತದೆ. ಮೊದಲ ಕೆಲವು ನಿಮಿಷ ಅದು ಹದವಾಗಿರುತ್ತದೆ. ಆಮೇಲೆ ಉಬ್ಬಿ, ಮೆತ್ತಗಾಗಿ, ಸಾರನ್ನೂ ಕುಡಿದು ಮುದ್ದೆಯಾಗುತ್ತದೆ. ನಮ್ಮಂಥ ಟೆಲಿವಿಷನ್ ಮಂದಿಗೆ ಇದು ಚೆನ್ನಾಗಿ ಗೊತ್ತು. ದೀಪ ಸರಿಪಡಿಸಿ, ಕ್ಯಾಮೆರಾ ಹತ್ತಿರ ತಂದು, ಇನ್ನೇನು ಚಿತ್ರೀಕರಿಸಬೇಕು ಎನ್ನುವಷ್ಟರಲ್ಲಿ ಬಟ್ಟಲಿನ ಎಳೆ ಊದಿಕೊಂಡಿರುತ್ತದೆ. ಹೀಗಾಗಿ ಇಂಥ ತಿಂಡಿಯ ಚಿತ್ರೀಕರಣಕ್ಕೆ ಒಂದರ ಬದಲು ಮೂರು ನಾಲ್ಕು ಬಟ್ಟಲು ಸಿದ್ಧ ಮಾಡಿಸಬೇಕಾಗುತ್ತದೆ.

ಆದ್ದರಿಂದ ಒಲೆಗೂ ಬಾಯಿಗೂ ನಡುವಿನ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು. ಒಲೆಯ ಮುಂದೆಯೇ ಗಿರಾಕಿಯನ್ನು ಕೂರಿಸಿದರೆ ಬಟ್ಟಲು ಕೈ ಅಳತೆಯಲ್ಲಿ ದಾಟುತ್ತದೆ. ಒಬ್ಬ ಅಡುಗೆಯವನು ಒಮ್ಮೆಗೆ ಬೇಯಿಸಬಲ್ಲಷ್ಟೇ ಸ್ಟೂಲುಗಳು ಇದ್ದರೆ ಸಾಕು. ಹೀರುವಾಗ ಗಾಳಿಯೂ ಒಳಗೆ ಹೋಗಿ ಎಳೆ ತುಸು ಆರುತ್ತದೆ, ಪರಿಮಳವೂ ಮೂಗಿಗೇರುತ್ತದೆ. ಹಾಗಾಗಿ ಅಲ್ಲಿ ಸದ್ದು ಮಾಡಿ ತಿನ್ನುವುದು ಅನಾಗರಿಕವಲ್ಲ. ಬೆಂಗಳೂರಿನಲ್ಲಿ ಕವನ್ ಕುಟ್ಟಪ್ಪ ಎಂಬ ಬಾಣಸಿಗರು ನಾರು ನೂಡಲ್ ಬಾರ್ ಎಂಬ ರಾಮೆನ್ ಅಂಗಡಿ ತೆರೆದಾಗ ಅಲ್ಲಿಯೂ ಇದ್ದದ್ದು ಬೆರಳೆಣಿಕೆಯ ಆಸನಗಳೇ. ನಮ್ಮಲ್ಲಿ ಕಾವಲಿಯ ಮುಂದೆಯೇ ನಿಂತು ದೋಸೆ ತಿನ್ನುವ ಚಿಕ್ಕ ಹೋಟೆಲುಗಳದೂ ಇದೇ ಧರ್ಮ. ಅಂಗಡಿ ಚಿಕ್ಕದೆಂದರೆ ಕೀಳೆಂದು ಅರ್ಥವಲ್ಲ. ಕೆಲವು ತಿಂಡಿಗೆ ಚಿಕ್ಕ ಅಂಗಡಿಯೇ ಸರಿಯಾದ ಅಂಗಡಿ.

ಹೊತ್ತನ್ನು ಗೆಲ್ಲುವ ಇನ್ನೊಂದು ದಾರಿ

ಕೂಡಲೇ ತಿನ್ನಲಾಗದಿದ್ದರೆ ಏನು ಮಾಡಬೇಕು? ಒಣಗಿಸಬೇಕು. ಸೂಕ್ಷ್ಮಜೀವಿಗಳು ಬೆಳೆಯಲು ನೀರು ಬೇಕೇ ಬೇಕು. ನೀರು ತೆಗೆದರೆ ಅವು ಸುಮ್ಮನಿರುತ್ತವೆ. ಬೇಸಿಗೆಯಲ್ಲಿ ಮನೆಯ ಮೇಲೆ ಬಟ್ಟೆ ಹಾಸಿ ಶಾವಿಗೆ, ಸಂಡಿಗೆ ಒಣಗಿಸುವ ನಮ್ಮವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ಆಹಾರದ ಅಭಾವವಿತ್ತು. ಅಮೆರಿಕದಿಂದ ಗೋಧಿ ಬರುತ್ತಿತ್ತು. ತಳ್ಳುಗಾಡಿಯ ರಾಮೆನ್ ಮುಂದೆ ಜನ ಸಾಲು ನಿಲ್ಲುತ್ತಿದ್ದರು. ಅದನ್ನು ಕಂಡ ಮೊಮೊಫುಕು ಆಂಡೊ ಎಂಬವರು 1958ರಲ್ಲಿ ಬೇಯಿಸಿದ ಎಳೆಯನ್ನು ಎಣ್ಣೆಯಲ್ಲಿ ಕರಿದು ಒಣಗಿಸುವ ಉಪಾಯ ಕಂಡುಕೊಂಡರು. ಕರಿಯುವಾಗ ನೀರು ಆವಿಯಾಗಿ ಹೊರಬಂದು ಎಳೆಯ ತುಂಬ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಹಾಕಿದೊಡನೆ ಆ ರಂಧ್ರಗಳಲ್ಲಿ ನುಗ್ಗುತ್ತದೆ. ನಿಮ್ಮ ಟ್ರಂಕಿನ ಪೊಟ್ಟಣ ಎರಡು ನಿಮಿಷದಲ್ಲಿ ತಿಂಡಿಯಾಗುವುದರ ಗುಟ್ಟು ಇದು. ಆದರೆ ಎಣ್ಣೆಯ ಅಂಶ, ಉಪ್ಪಿನ ಅಂಶ ಎರಡೂ ಅದರಲ್ಲಿ ಹೆಚ್ಚು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ರಾಮೆನ್ನಾಗಲಿ ಪೊಟ್ಟಣವಾಗಲಿ, ಎಳೆ ತಿಂದು ಸಾರಿನಲ್ಲಿ ಸ್ವಲ್ಪ ಬಿಟ್ಟರೆ ನಷ್ಟವಿಲ್ಲ. ಪೊಟ್ಟಣದ ಮಸಾಲೆಯನ್ನು ಅರ್ಧವೇ ಹಾಕಿ, ಒಂದು ಹಿಡಿ ಸೊಪ್ಪು ಸೇರಿಸಿದರೆ ಇನ್ನೂ ಒಳಿತು.

ನಡುವಿನ ದಾರಿಯಲ್ಲಿ ಅಪಾಯ

ಈಗಲೇ ತಿನ್ನುವುದು ಒಂದು ದಾರಿ, ಒಣಗಿಸುವುದು ಇನ್ನೊಂದು. ಬೇಯಿಸಿದ ಎಳೆಯನ್ನು ಹಸಿಯಾಗಿಯೇ, ಬೆಚ್ಚಗೆ, ಗಂಟೆಗಟ್ಟಲೆ ಇಡುವುದು ಮೂರನೆಯ ದಾರಿ. ಅದು ಅಪಾಯದ ದಾರಿ.

ಮಣ್ಣಿನಲ್ಲಿ, ಧಾನ್ಯದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಇದರ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯಬಲ್ಲವು. ಬೇಯಿಸಿದ ಅನ್ನವೋ ನೂಡಲ್ಸೋ ಬೆಚ್ಚಗೆ ಹಾಗೆಯೇ ಬಿದ್ದಿದ್ದರೆ ಈ ಬೀಜಕಗಳು ಮೊಳೆತು, ಹೆಚ್ಚಿ, ವಿಷ ಉಗುಳುತ್ತವೆ. ಆಮೇಲೆ ದೊಡ್ಡ ಉರಿಯಲ್ಲಿ ಹುರಿದರೆ ಬ್ಯಾಕ್ಟೀರಿಯಾ ಸಾಯಬಹುದು; ವಿಷ ಸಾಯುವುದಿಲ್ಲ. ವಾಂತಿ ತರಿಸುವ ಆ ವಿಷ ಪ್ರೆಷರ್ ಕುಕ್ಕರಿನ ಶಾಖಕ್ಕೂ ಬಗ್ಗದು. ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಹೆಚ್ಚಿನವರು ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಅಪರೂಪಕ್ಕೆ ಯಕೃತ್ತಿಗೂ ಪೆಟ್ಟು ಬಿದ್ದು ಪ್ರಾಣಕ್ಕೆ ಕುತ್ತಾದದ್ದಿದೆ. "ಚೆನ್ನಾಗಿ ಬಿಸಿ ಮಾಡಿ ಕೊಟ್ಟರಲ್ಲ, ಇನ್ನೇನು ಭಯ?" ಎಂಬ ನಂಬಿಕೆ ಇಲ್ಲಿ ನಮ್ಮನ್ನು ಕಾಯುವುದಿಲ್ಲ ಎಂಬುದನ್ನು ನೆನಪಿಡಿ.

ಬೆಂದ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಇಡಬೇಕು, ಇಲ್ಲವೇ ಬೇಗ ಆರಿಸಿ 5 ಡಿಗ್ರಿಗಿಂತ ತಣ್ಣಗೆ ಇಡಬೇಕು. ನಡುವಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ನಮ್ಮ ಬೇಸಿಗೆಯ ಮಧ್ಯಾಹ್ನದಲ್ಲಿ ಇನ್ನೂ ಬೇಗ ತಿಂದು ಮುಗಿಸುವುದು ಕ್ಷೇಮ. ಮನೆಯ ಡಬ್ಬಿಯ ಚಿತ್ರಾನ್ನಕ್ಕೂ ಒತ್ತು ಶಾವಿಗೆಗೂ ಇದೇ ನಿಯಮ.

ತಿನ್ನುವ ಮುನ್ನ ಕಣ್ಣು ಹಾಯಿಸಿ

ತಳ್ಳುಗಾಡಿಯವರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಎದುರಿಗೇ ಬೇಯಿಸಿ ಕೊಡುವ ಗಾಡಿ, ಹಿಂದಿನ ಕೋಣೆಯಲ್ಲಿ ಬೇಯಿಸಿಟ್ಟು ತರುವ ದೊಡ್ಡ ಹೋಟೆಲಿಗಿಂತ ಎಷ್ಟೋ ಮೇಲು. ನೋಡಬೇಕಾದದ್ದು ಇಷ್ಟೇ:

ಒಂದು, ಎಳೆಯ ರಾಶಿ ಬೇಯಿಸಿ ಎಷ್ಟು ಹೊತ್ತಾಯಿತು? ಅದನ್ನು ಮುಚ್ಚಿಟ್ಟಿದ್ದಾರೆಯೇ?

ಎರಡು, ತಟ್ಟೆ ತೊಳೆಯುವ ನೀರನ್ನು ಬದಲಿಸುತ್ತಾರೆಯೇ?

ಮೂರು, ಕರಿಯುವ ಎಣ್ಣೆ ಕಪ್ಪಾಗಿ, ಕಾಯುವ ಮೊದಲೇ ಹೊಗೆಯಾಡುತ್ತಿದೆಯೇ?

ನಾಲ್ಕು, ತಿಂಡಿಯ ಬಣ್ಣ ಕಣ್ಣು ಕುಕ್ಕುತ್ತದೆಯೇ? ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದೆ.

ಮಾಡಿ ನೋಡಿ

ಒಂದು ಹಿಡಿ ಮೈದಾ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ ಬೋಗುಣಿಯ ನೀರಿನಲ್ಲಿ ಮೆಲ್ಲಗೆ ಹಿಸುಕುತ್ತಾ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ನೀರು ಬದಲಿಸುತ್ತಾ ಹೋದರೆ ಕೊನೆಗೆ ಕೈಯಲ್ಲಿ ಎಳೆದರೆ ಹಿಗ್ಗುವ ಅಂಟು ಮುದ್ದೆ ಉಳಿಯುತ್ತದೆ, ಅದೇ ಗ್ಲುಟೆನ್. ಇದನ್ನೇ ರಾಗಿ ಹಿಟ್ಟಿನಲ್ಲಿ ಮಾಡಿ ನೋಡಿ. ಕೈಯಲ್ಲಿ ಏನು ಉಳಿಯಿತು?

ಇನ್ನೊಂದು ಪ್ರಯೋಗ. ಬೆಂದ ನೂಡಲ್ಸಿನ ಒಂದು ಎಳೆಯನ್ನು ಸ್ಕೇಲಿನಿಂದ ಅಳೆದು ಬಿಸಿನೀರಿನ ಲೋಟಕ್ಕೆ ಹಾಕಿ. ಐದು ನಿಮಿಷಕ್ಕೊಮ್ಮೆ ಅರ್ಧ ಗಂಟೆಯವರೆಗೆ ಉದ್ದವನ್ನೂ ದಪ್ಪವನ್ನೂ ಅಳೆದು ನಕ್ಷೆ ಬರೆಯಿರಿ. ರಾಮೆನ್ ಅಂಗಡಿಯವನ ಅವಸರ ಆ ಗೆರೆಯಲ್ಲಿ ನಿಮಗೆ ಕಾಣುತ್ತದೆ.

ಮತ್ತೆ ಸಂಜೆ ಗಾಡಿಯ ಮುಂದೆ ನಿಂತಾಗ ನಾಚಿಕೆಪಡದೆ ಒಂದು ಮಾತು ಕೇಳಿ: "ಅಣ್ಣಾ, ಇದನ್ನ ಯಾವಾಗ ಬೇಯಿಸಿದ್ದು?" ಆಗತಾನೇ ಬೇಯಿಸಿದವನು ಖುಷಿಯಿಂದಲೇ ಹೇಳುತ್ತಾನೆ. ಉತ್ತರ ತಡವರಿಸಿದರೆ ಪಕ್ಕದ ಗಾಡಿಯಲ್ಲಿ ಬಿಸಿ ಬಿಸಿ ಕಡಲೆಕಾಯಿ ಸಿಗುತ್ತದೆ.