ಆಲೂಗೆಡ್ಡೆಯ ಅಂಗಮಾರಿ: ಲೆಕ್ಕ ಏನು ಹೇಳುತ್ತದೆ?

ಮಲ್ಲಿಪಟ್ಟಣದ ಸುತ್ತ ಆಲೂಗೆಡ್ಡೆ ಬೆಳೆಯುವ ನಿಮಗೆ ಅಂಗಮಾರಿಯ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಪಂಜಾಬಿನ ಬಿತ್ತನೆ ಗೆಡ್ಡೆಗೆ ಹಣ ಸುರಿದು ಮೇ ತಿಂಗಳಲ್ಲಿ ನೆಟ್ಟಿರುತ್ತೀರಿ. ಆರಿದ್ರಾ ಮಳೆ ಸೋನೆ ಹಿಡಿದು ಕುಳಿತಿತೆಂದರೆ ಎಲೆಯ ಅಂಚಿನಲ್ಲಿ ಕಪ್ಪು ಮಚ್ಚೆ. ನೋಡನೋಡುತ್ತ ಹೊಲವೆಲ್ಲ ಸುಟ್ಟಂತೆ. ‘ರಾತ್ರೋರಾತ್ರಿ ಬಂತು’ ಎನ್ನುತ್ತೇವೆ. ನಿಜವಾಗಿ ಅದು ಹಾಗೆ ಬರುವುದಿಲ್ಲ. ನಮ್ಮ ಕಣ್ಣಿಗೆ ಬೀಳುವುದು ತಡ, ಅಷ್ಟೆ.

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಇಂದು ಸಾವಿರ ಎಲೆಗಳಲ್ಲಿ ಒಂದಕ್ಕೆ ರೋಗವಿದೆ, ಎರಡು ದಿನಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆ ಎಂದಿಟ್ಟುಕೊಳ್ಳೋಣ. 2, 4, 8, 16. ಹತ್ತನೆಯ ದಿನಕ್ಕೆ 32. ಸಾವಿರಕ್ಕೆ 32 ಎಂದರೆ, ಬದುವಿನ ಮೇಲೆ ನಿಂತು ನೋಡುವವರಿಗೆ ಹೊಲ ಹಸಿರಾಗಿಯೇ ಇರುತ್ತದೆ. ಹದಿನಾರನೆಯ ದಿನ 256, ಹದಿನೆಂಟನೆಯ ದಿನ 512. ಅರ್ಧ ಬೆಳೆ ಹೋಯಿತು! (ಹಿಡಿಯಲು ಹಸಿರೆಲೆ ಕಡಿಮೆಯಾದಂತೆ ರೋಗದ ವೇಗ ತಗ್ಗುತ್ತದೆ, ನಿಜ. ಅದರಿಂದ ರೈತನಿಗೆ ಬಂದ ಲಾಭವೇನು?)

ಇದು ಸಾಲದ ಚಕ್ರಬಡ್ಡಿಯ ಲೆಕ್ಕ. ದಕ್ಷಿಣ ಆಫ್ರಿಕದ ಸಸ್ಯರೋಗ ವಿಜ್ಞಾನಿ ವಾಂಡರ್‌ಪ್ಲ್ಯಾಂಕ್ 1963ರ ತಮ್ಮ ಪುಸ್ತಕದಲ್ಲಿ ಇಂಥ ರೋಗಗಳನ್ನು ಆ ಹೆಸರಿನಿಂದಲೇ ಕರೆದರು. ಈಗ ಅಂಕಿ ಬದಲಿಸಿ ನೋಡಿ. ರೋಗದ ಗೆಡ್ಡೆ ಆರಿಸಿ ಬಿಸುಟು ಅಸಲನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದಿರಿ ಅನ್ನಿ, ಸಿಗುವುದು ಆರೇಳು ದಿನದ ಬಿಡುವು. ಬಡ್ಡಿಯನ್ನೇ ಇಳಿಸಿ, ಇಮ್ಮಡಿಯಾಗಲು ನಾಲ್ಕು ದಿನ ಹಿಡಿಯುವಂತೆ ಮಾಡಿದರೆ ಹದಿನೆಂಟು ದಿನ ಮೂವತ್ತಾರಾಗುತ್ತದೆ. ಗೆಡ್ಡೆ ದಪ್ಪವಾಗಲು ಆ ದಿನಗಳೇ ಬೇಕು. ರೋಗ ತಡೆಯುವ ತಳಿಯೂ ಸಕಾಲದ ಔಷಧಿಯೂ ಮಾಡುವುದು ಇದನ್ನೇ. ಕುಫ್ರಿ ಜ್ಯೋತಿಗೆ ಮೊದಲಿದ್ದ ಆ ಶಕ್ತಿ ಈಗ ಕುಂದಿದೆ; ಉಳಿದದ್ದು ಔಷಧಿ.

ಸಕಾಲ ಯಾವುದು? ಮ್ಯಾಂಕೋಜೆಬ್‌ನಂಥ ಔಷಧಿ ಎಲೆಯ ಮೇಲೆ ಕಾವಲು ಕೂರುತ್ತದೆ, ಒಳಹೊಕ್ಕ ರೋಗವನ್ನು ಅಟ್ಟಲಾರದು. ಆದ್ದರಿಂದ ಮಚ್ಚೆಯನ್ನು ಕಾಯುತ್ತ ಕೂರದೆ ಹವೆಯನ್ನು ಎಣಿಸಬೇಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1975ರಲ್ಲಿ ರೂಪಿಸಿದ ‘ಬ್ಲೈಟ್‌ಕಾಸ್ಟ್’ ಎಂಬ ಕಂಪ್ಯೂಟರ್ ಪದ್ಧತಿ ದಿನದಿನಕ್ಕೆ ಅಂಕ ಕೊಡುತ್ತದೆ. ಗಾಳಿಯ ತೇವಾಂಶ ಶೇಕಡಾ 90 ಮುಟ್ಟಿರುವ ಹೊತ್ತಿನ ಸರಾಸರಿ ಉಷ್ಣಾಂಶ 15ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದು, ಆ ಹೊತ್ತು 10–12 ಗಂಟೆಯಾದರೆ 1 ಅಂಕ, 13–15ಕ್ಕೆ 2, 16–18ಕ್ಕೆ 3, ಅದಕ್ಕೂ ಮೀರಿದರೆ 4. ಸಸಿ ಮೇಲೆದ್ದಾಗಿನಿಂದ ಕೂಡುತ್ತ ಬಂದು ಮೊತ್ತ 18 ಆದಾಗ ಮೊದಲ ಸಿಂಪಡಣೆ. ಬಿಡದ ಸೋನೆಯಲ್ಲಿ ಅದಕ್ಕೆ ಐದೇ ದಿನ ಸಾಕು.

ಪೆನ್ಸಿಲ್ವೇನಿಯಾದ ಅಂಕಿ ಅರಕಲಗೂಡಿಗೆ ಹಾಗೆಯೇ ಹೊಂದುತ್ತದೆಂದು ನಂಬಿ ಕೂರಬಾರದು. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ ಹವೆಗೆ ತಕ್ಕಂತೆ ‘ಇಂಡೋ-ಬ್ಲೈಟ್‌ಕಾಸ್ಟ್’ ರೂಪಿಸಿದ್ದಾರೆ. ಉಷ್ಣಾಂಶ, ತೇವಾಂಶಗಳಿಂದ ಅದು ರೋಗದ ಮುನ್ಸೂಚನೆ ಕೊಡುತ್ತದೆ. ಜೊತೆಗೆ ನಿಮ್ಮದೇ ಒಂದು ಲೆಕ್ಕವಿರಲಿ. ತೇವಾಂಶ ತೋರುವ ಉಷ್ಣಮಾಪಕವನ್ನು ಹೊಲದ ಬಳಿ ನೆರಳಿನಲ್ಲಿ ತೂಗುಹಾಕಿ, ಬರೆದಿಡುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಿ. ಮೊದಲ ಮಚ್ಚೆ ಕಂಡ ದಿನವನ್ನೂ ಅದೇ ಪುಸ್ತಕದಲ್ಲಿ ಗುರುತು ಹಾಕಲಿ. ಅಂದಿಗೆ ಮೊತ್ತ ಎಷ್ಟಾಗಿತ್ತು ಎಂದು ನೋಡಿದರೆ, ಆ 18 ನಿಮ್ಮ ಹೊಲಕ್ಕೆ ಹೆಚ್ಚಾಯಿತೋ ಕಡಿಮೆಯಾಯಿತೋ ಮುಂದಿನ ನಾಟಿಗೆ ಮೊದಲೇ ತಿಳಿದಿರುತ್ತದೆ.