ತಾಂಬೂಲಕ್ಕೆ ಗುಳೇದಗುಡ್ಡದ ಖಣ

ಮದುವೆ ಮನೆಯಿಂದ ಹೊರಡುವಾಗ ಕೈಗೆ ಬರುವ ತಾಂಬೂಲದ ಚೀಲದಲ್ಲಿರುವ ತೆಂಗಿನಕಾಯಿ ಮರುದಿನವೇ ಚಟ್ನಿಗೋ ಸಾರಿಗೋ ಆಗುತ್ತದೆ. ವೀಳ್ಯದೆಲೆ ಅಂದು ರಾತ್ರಿ ಊಟದ ಮೇಲೆ ಖರ್ಚಾಗುತ್ತದೆ. ಉಳಿಯುವುದು ರವಿಕೆ ಬಟ್ಟೆ. ಹೀಗೆ ಬಂದು ಸೇರಿದ ಬಟ್ಟೆಗಳಿಗೇ ಬೀರುವಿನಲ್ಲಿ ಒಂದು ಅರೆ ಬಿಟ್ಟುಕೊಟ್ಟ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ತೆಳ್ಳಗಿನ ಪಾಲಿಯೆಸ್ಟರ್, ಮೈಗೆ ಅಂಟುವ ಜಾತಿ. ಅಳೆದರೆ ತೋಳಿಗೆ ಸಾಲದು, ಬಣ್ಣ ನೋಡಿದರೆ ಯಾವ ಸೀರೆಗೂ ಕೂಡದು. ಹೊಲಿಸುವವರಿಲ್ಲ. ಗೌರಿಹಬ್ಬಕ್ಕೆ ಬಂದ ಮುತ್ತೈದೆಯ ಮಡಿಲಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ಮನೆಯ ಅರಿಸಿನ ಕುಂಕುಮಕ್ಕೆ. ಕೊಟ್ಟವರ ದುಡ್ಡು ಹೋಯಿತು, ಪಡೆದವರಿಗೆ ದಕ್ಕಲಿಲ್ಲ.

ಪದ್ಧತಿಯಲ್ಲಿ ತಪ್ಪಿಲ್ಲ. ಕೆಟ್ಟಿರುವುದು ಬಟ್ಟೆ. ತೊಟ್ಟುಕೊಳ್ಳಲಿ ಎಂದೇ ಕೊಡುವ ವಸ್ತುವನ್ನು, ಯಾರೂ ತೊಡುವುದಿಲ್ಲ ಎಂದು ಮೊದಲೇ ತಿಳಿದುಕೊಂಡು ಕೊಡುವುದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಹೀಗೆ ಉಡಿಗೆ ಹಾಕಿ ಕೊಡುವುದಕ್ಕೆಂದೇ, ಕೊಟ್ಟದ್ದು ಮೈಮೇಲೆ ಬರಲಿ ಎಂದೇ ಬಟ್ಟೆ ನೇಯುವ ಊರೊಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಮದುವೆಗೆ ಏನು ಕೊಡೋಣ ಎಂದು ಯೋಚಿಸುತ್ತಿರುವವರು ಆ ಊರಿನ ಖಣ ಎಂಬ ರವಿಕೆ ಬಟ್ಟೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಗುಳೇದಗುಡ್ಡ ಬಾದಾಮಿಗೆ ಹತ್ತಿರದ, ಕೆಂಪುಕಲ್ಲಿನ ಗುಡ್ಡಗಳ ನಡುವಿನ ನೇಕಾರರ ಊರು. ಇಳಕಲ್ಲೂ ಅದೇ ಜಿಲ್ಲೆಯದು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಬಸ ಎನ್ನುವುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಉಡುಪಿನ ಹಳೆಯ ಜೋಡಿ. ಮದುವೆಯಾಗಿ ಹೊರಡುವ ಮಗಳಿಗೆ, ತುಂಬು ಬಸುರಿಗೆ, ತವರಿಗೆ ಬಂದು ಹೋಗುವ ಅಕ್ಕತಂಗಿಯರಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆಯ ಜೊತೆಗೆ ಖಣ ಇರಲೇಬೇಕು. ಬನಶಂಕರಿಗೂ ಎಲ್ಲಮ್ಮನಿಗೂ ಉಡಿ ತುಂಬುವುದು ಖಣವಿಟ್ಟೇ. ಗಡಿಯಾಚೆ ಮಹಾರಾಷ್ಟ್ರದಲ್ಲೂ ಖಣಕ್ಕೆ ಇಷ್ಟೇ ಮರ್ಯಾದೆ; ಈಚಿನ ವರ್ಷಗಳಲ್ಲಿ ಅಲ್ಲಿ ಖಣದ ಬಟ್ಟೆಯಲ್ಲೇ ಇಡೀ ಸೀರೆ ಉಡುವ ಉಮೇದು ಹುಟ್ಟಿದೆ. ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಬಟ್ಟೆಯ ಗುಣ ತಿಳಿಯಬೇಕಾದರೆ ಮಗ್ಗದ ಹತ್ತಿರ ಹೋಗಬೇಕು. ಸಾಂಪ್ರದಾಯಿಕ ಖಣ ನೇಯುವುದು ಕುಣಿ ಮಗ್ಗದಲ್ಲಿ. ಮನೆಯೊಳಗೇ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಕಾರ ಕೂರುತ್ತಾನೆ. ತುಳಿಯುವ ಹಲಗೆಗಳು ಕುಣಿಯೊಳಗೆ, ಹಾಸು ಎದೆಯ ಮುಂದೆ. ಹಾಸಿಗೆ ರೇಷ್ಮೆ, ಹೊಕ್ಕಿಗೆ ಹತ್ತಿ ಎನ್ನುವುದು ಹಳೆಯ ಲೆಕ್ಕ. ಮೇಲೆ ರೇಷ್ಮೆಯ ಹೊಳಪು, ಒಳಗೆ ಬೆವರು ಹೀರುವ ಹತ್ತಿಯ ತಂಪು. ನಮ್ಮ ಬಿಸಿಲಿಗೆ ಇದಕ್ಕಿಂತ ಒಪ್ಪುವ ರವಿಕೆ ಬಟ್ಟೆಯನ್ನು ನಾನು ಕಂಡಿಲ್ಲ. ಒಡಲಿನ ತುಂಬ ಒತ್ತೊತ್ತಾಗಿ ಸಣ್ಣ ವಿನ್ಯಾಸ, ಎರಡೂ ಅಂಚಿಗೆ ಬೇರೆ ಬಣ್ಣದ ದಡಿ. ಬಲ್ಲ ದರ್ಜಿ ಒಂದು ದಡಿ ತೋಳಿನ ತುದಿಗೆ, ಇನ್ನೊಂದು ಬೆನ್ನಿನ ಕೆಳಗೆ ಬರುವಂತೆ ಕತ್ತರಿಸುತ್ತಾನೆ. ಬೇರೆ ಅಂಚು ತಂದು ಹಚ್ಚುವ ಖರ್ಚಿಲ್ಲ.

ಆ ಸಣ್ಣ ವಿನ್ಯಾಸಗಳಿಗೆ ಹೆಸರುಗಳಿವೆ: ತೇರು, ಸೂಜಿಮಲ್ಲಿಗೆ, ಆನೆ ಹೆಜ್ಜೆ, ಕಳಾವರ, ಸಿದ್ಧೇಶ್ವರ ಮುಖ. ಅವುಗಳನ್ನು ಮೂಡಿಸುವುದು ಮಗ್ಗದ ಮೇಲೆ ಕೂಡಿಸಿದ ಡಾಬಿ ಎಂಬ ಸಾಧನ. ಕಟ್ಟಿಗೆಯ ಪಟ್ಟಿಗಳ ಮಾಲೆಯಲ್ಲಿ ಗೂಟಗಳನ್ನು ಸಿಕ್ಕಿಸಿರುತ್ತಾರೆ. ಪ್ರತಿ ತುಳಿತಕ್ಕೂ ಮಾಲೆ ಒಂದು ಪಟ್ಟಿ ಮುಂದಕ್ಕೆ ಸರಿಯುತ್ತದೆ, ಆ ಪಟ್ಟಿಯ ಗೂಟ ಹೇಳಿದ ಎಳೆಗಳಷ್ಟೇ ಮೇಲೇಳುತ್ತವೆ, ಕೆಳಗೆ ಲಾಳಿ ಹಾಯುತ್ತದೆ. ಮಾಲೆ ಒಂದು ಸುತ್ತು ಮುಗಿದಾಗ ಸಾಲಿಗೆ ಸಾಲು ಆನೆ ಹೆಜ್ಜೆ ನೇಯ್ಗೆಯಲ್ಲಿ ಮೂಡಿರುತ್ತದೆ. ಅಚ್ಚು ಹಾಕಿದ್ದಲ್ಲ, ಕಸೂತಿ ಹಾಕಿದ್ದಲ್ಲ. ವಿನ್ಯಾಸ ಬಟ್ಟೆಯ ಮೈಯಲ್ಲೇ ಹುಟ್ಟಿದ್ದು. ಹಾಗಾಗಿ ಅದು ಒಗೆದರೆ ಅಳಿಸುವುದಿಲ್ಲ, ಬಟ್ಟೆ ಇರುವವರೆಗೂ ಇರುತ್ತದೆ.

ಮದುವೆಗೆ ಖಣ ಹೇಳಿಸುವವರು ಈ ಕೆಲಸದ ಕ್ರಮವನ್ನು ಅರಿತಿದ್ದರೆ ಒಳ್ಳೆಯದು. ಹಾಸಿನ ಬಣ್ಣ ಬದಲಿಸುವುದೆಂದರೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಎಳೆಗೆ ಕೈಯಿಂದ ಕೂಡಿಸಬೇಕು. ಸಾವಿರಾರು ಎಳೆಗಳ, ಕಣ್ಣು ಸೋಲುವ ಕೆಲಸ. ಆದ್ದರಿಂದ ಮಂಟಪದ ಅಲಂಕಾರಕ್ಕೆ ಹೊಂದುವ ಇಂಥದ್ದೇ ಬಣ್ಣ ಬೇಕೆಂದು ಐವತ್ತು ಖಣಕ್ಕೆ ಹಟ ಹಿಡಿಯಬೇಡಿ. ಮಗ್ಗದ ಮೇಲೆ ಯಾವ ಹಾಸು ಇದೆ ಎಂದು ಕೇಳಿ. ಅದೇ ಹಾಸಿನಲ್ಲಿ ಲಾಳಿಯೊಳಗಿನ ನೂಲಿನ ಕಂಡಿಕೆಯನ್ನು ಬದಲಿಸಿದರೆ ಸಾಕು, ಹೊಕ್ಕಿನ ಬಣ್ಣ ಬೇರೆಯಾಗಿ ಬಟ್ಟೆಯ ಛಾಯೆಯೇ ಬದಲಾಗುತ್ತದೆ. ಕೆಂಪು ಹಾಸಿಗೆ ಹಸಿರು ಹೊಕ್ಕು ಒಂದು ಬಗೆ, ಕಪ್ಪು ಹೊಕ್ಕು ಇನ್ನೊಂದು. ಹೀಗೆ ನಾಲ್ಕಾರು ಬಣ್ಣಗಳನ್ನು ಬೆರೆಸಿ ತರಿಸಿ, ಬಂದವರು ತಮ್ಮ ಸೀರೆಗೆ ಒಪ್ಪುವುದನ್ನು ತಾವೇ ಆರಿಸಿಕೊಳ್ಳುವಂತೆ ತಟ್ಟೆಯಲ್ಲಿ ಹರಡಿಡಿ. ಕೊಟ್ಟದ್ದು ಬಳಕೆಯಾಗಬೇಕಾದರೆ ಪಡೆಯುವವರ ಇಷ್ಟಕ್ಕೆ ಒಂದಿಷ್ಟು ಜಾಗ ಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಬಟ್ಟೆಯೂ ಬಣ್ಣ ಒಪ್ಪದ ಒಂದೇ ಕಾರಣಕ್ಕೆ ಬೀರುವಿನ ಮೂಲೆ ಸೇರುತ್ತದೆ.

ಅಳತೆಯ ಮಾತೂ ಇದೆ. ಖಣದ ಪನ್ನ ಅಂಗಡಿಯ ರವಿಕೆ ಬಟ್ಟೆಯ ಪನ್ನಕ್ಕಿಂತ ಕಿರಿದು. ಗಿಡ್ಡ ತೋಳಿನ, ಮುಂದೆ ಗಂಟು ಹಾಕುವ ಹಳೆಯ ಕುಬಸಕ್ಕೆ ಅಷ್ಟು ಸಾಕಿತ್ತು. ಇಂದಿನ ಉದ್ದ ತೋಳಿನ ರವಿಕೆಗೆ ಸಾಲದು. ಹೇಳಿಸುವಾಗಲೇ ಉದ್ದ ಒಂದು ಮೀಟರಿಗಿಂತ ಕಡಿಮೆ ಬೇಡವೆಂದು ತಿಳಿಸಿ. ಸಾಧ್ಯವಿದ್ದರೆ ಕಾಲು ಮೀಟರು ಹೆಚ್ಚೇ ಇರಲಿ. ತಾಂಬೂಲದ ಬಟ್ಟೆ ಹೊಲಿಗೆಗೆ ಹೋಗದಿರಲು ಬಟ್ಟೆ ಸಾಲದಿರುವುದು ದೊಡ್ಡ ಕಾರಣ. ಖಣದೊಳಗೊಂದು ಚೀಟಿಯನ್ನೂ ಇಡಿ: ಹತ್ತಿಯ ಲೈನಿಂಗ್ ಕೊಟ್ಟು ಹೊಲಿಸಿ, ಮೊದಲೆರಡು ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ನೆರಳಲ್ಲಿ ಒಣಗಿಸಿ, ಇದು ಗುಳೇದಗುಡ್ಡದಲ್ಲಿ ಕೈಮಗ್ಗದಲ್ಲಿ ನೇಯ್ದದ್ದು.

ಈ ಕೊನೆಯ ಮಾತು ನಿಜವೂ ಆಗಿರಬೇಕಲ್ಲ. ಪೇಟೆಯಲ್ಲಿ ಖಣದ ಹೆಸರಿನಲ್ಲಿ ವಿದ್ಯುತ್ ಮಗ್ಗದ ಪಾಲಿಯೆಸ್ಟರ್ ಬಟ್ಟೆ ಧಾರಾಳವಾಗಿ ಸಿಗುತ್ತದೆ. ದೂರದಿಂದ ನೋಡಿದರೆ ಅದೇ ದಡಿ, ಅದೇ ವಿನ್ಯಾಸ. ಕೇಂದ್ರ ಸರ್ಕಾರ 2006ರಲ್ಲಿ ತಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ನೋಡಿ. ಅಂಚಿನಿಂದ ಒಂದೆರಡು ಎಳೆ ಬಿಡಿಸಿ ಸುಟ್ಟರೂ ತಿಳಿಯುತ್ತದೆ: ಪಾಲಿಯೆಸ್ಟರ್ ಕರಗಿ ಗಟ್ಟಿ ಗುಳಿಗೆಯಾಗುತ್ತದೆ, ಹತ್ತಿ ಸುಟ್ಟ ಕಾಗದದಂತೆ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತದೆ. ಎಲ್ಲಕ್ಕಿಂತ ಮೇಲು, ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಹೋದಾಗ ಗುಳೇದಗುಡ್ಡಕ್ಕೂ ಹೋಗಿ ನೇಕಾರರನ್ನೇ ಕಂಡು ಮಾತಾಡುವುದು. ಹಾಗೆ ಮಾಡಿದರೆ ಕೊಟ್ಟ ದುಡ್ಡು ಯಾರ ಕೈ ಸೇರಿತು ಎಂಬುದೂ ನಿಮಗೆ ಗೊತ್ತಿರುತ್ತದೆ.

ಬೆಲೆ? ಪಾಲಿಯೆಸ್ಟರ್ ತುಂಡಿಗಿಂತ ಖಂಡಿತ ಹೆಚ್ಚು. ಆರತಕ್ಷತೆಗೆ ಬಂದ ಸಾವಿರ ಜನಕ್ಕೂ ಖಣ ಕೊಡಲು ಎಲ್ಲರಿಗೂ ಆಗದು, ಕೊಡಬೇಕಾಗಿಯೂ ಇಲ್ಲ. ಅವರಿಗೆ ತೆಂಗಿನಕಾಯಿ, ಎಲೆ ಅಡಿಕೆ ಸಾಕು, ಅದು ಪೂರ್ಣ ತಾಂಬೂಲವೇ. ಪ್ಲಾಸ್ಟಿಕ್ ಡಬ್ಬಿ, ಥರ್ಮೋಕೋಲಿನ ಗಣಪತಿ, ವಧೂವರರ ಹೆಸರು ಅಚ್ಚಾದ ಚೀಲಗಳಿಗೆ ಸುರಿಯುವುದನ್ನು ಉಳಿಸಿ, ಮುಹೂರ್ತಕ್ಕೆ ಮೊದಲೇ ಬಂದು ನಿಂತು ದುಡಿದ ಅತ್ತೆ, ಚಿಕ್ಕಮ್ಮ, ಅತ್ತಿಗೆ, ನಾದಿನಿ, ನೆರೆಮನೆಯವರು, ಅಡುಗೆಮನೆಯಲ್ಲಿ ಕೈ ಸೇರಿಸಿದವರಿಗೆ ಖಣ ಕೊಡಿ. ಗಂಡಸರಿಗೆ ಕೈಮಗ್ಗದ ಟವೆಲು ಸಾಕು. ಟವೆಲು ಬಳಸದ ಮನೆಯಿಲ್ಲ. ಸೀರೆ ಉಡದ ಹುಡುಗಿಯರಿಗೆ ಖಣ ಏಕೆ ಎಂದು ಹಿಂದೆಗೆಯಬೇಕಿಲ್ಲ. ಕುರ್ತಾದ ಎದೆಪಟ್ಟಿಗೆ, ಕೈಚೀಲಕ್ಕೆ, ಗಿಡ್ಡ ಜಾಕೀಟಿಗೆ ಅವರು ಅದನ್ನು ಹೊಲಿಸುತ್ತಿದ್ದಾರೆ, ಅದು ಅವರಿಗೆ ಒಪ್ಪುತ್ತಲೂ ಇದೆ.

ಕೈಮಗ್ಗದ ಕೆಲಸ ಅವಸರಕ್ಕೆ ಬಗ್ಗುವುದಿಲ್ಲ. ಮಳೆಗಾಲದಲ್ಲಿ ಕುಣಿಯೊಳಗೆ ನೀರು ಜಿನುಗಿದರೆ ಮಗ್ಗ ನಿಲ್ಲುತ್ತದೆ, ನೂಲಿನ ಬೆಲೆ ಏರಿದರೆ ಹಾಸು ತಡವಾಗುತ್ತದೆ. ಮದುವೆಗೆ ಹದಿನೈದು ದಿನ ಇರುವಾಗ ಫೋನು ಮಾಡಿದರೆ ಸಿಗುವುದು ವಿದ್ಯುತ್ ಮಗ್ಗದ ಬಟ್ಟೆಯೇ. ನಿಶ್ಚಿತಾರ್ಥ ಮುಗಿದು ಛತ್ರಕ್ಕೆ ಮುಂಗಡ ಕೊಡುವ ವಾರದಲ್ಲೇ ಖಣದ ನೇಕಾರನಿಗೂ ಮುಂಗಡ ಕಳಿಸಿ.