ಸಿಂಪ್ಯೂಟರು: ನಕಾಶೆಯನ್ನು ಮುಚ್ಚಿಡದ ಒಂದು ಗಣಕಯಂತ್ರದ ಕಥೆ

ಬಿಕರ್ನಕಟ್ಟೆಯ ನಮ್ಮ ಮನೆಯಲ್ಲಿ ನನ್ನ ತಂದೆಯವರ ಕಾಲದ ಒಂದು ರೇಡಿಯೋ ಇದೆ. ಮರದ ಪೆಟ್ಟಿಗೆ, ಒಳಗೆ ವಾಲ್ವುಗಳು. ಗುಂಡಿ ತಿರುಗಿಸಿ ಅರ್ಧ ನಿಮಿಷ ಕಾದರೆ ಮಾತು ಕೇಳಿಸುವಂಥದು. ಕೆಲವು ವರ್ಷಗಳ ಹಿಂದೆ ಅದು ಮೂಕವಾಯಿತು. ಕೈಕಂಬದ ಕಡೆಯಿಂದ ಹಿರಿಯ ರಿಪೇರಿಯವರೊಬ್ಬರನ್ನು ಕರೆದುಕೊಂಡು ಬಂದೆ. ಅವರು ಹಿಂಬದಿಯ ಹಲಗೆಯನ್ನು ಬಿಚ್ಚಿದರು. ಅದರ ಒಳಮೈಗೆ ಅಂಟಿಸಿದ್ದ ಹಳದಿಗಟ್ಟಿದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ, ಯಾವ ವಾಲ್ವು ಯಾವ ಕೆಲಸ ಮಾಡುತ್ತದೆ ಎಂಬುದೆಲ್ಲ ಅದರಲ್ಲಿ ಬರೆದಿತ್ತು. “ಈ ಕಾಗದ ಒಂದು ಉಂಟಲ್ಲ ಮಾಷ್ಟ್ರೇ, ಇನ್ನು ಹೆದರಿಕೆ ಇಲ್ಲ” ಎಂದರು. ಮಧ್ಯಾಹ್ನದ ಊಟದ ಹೊತ್ತಿಗೆ ರೇಡಿಯೋ ಮಾತನಾಡಿತು.

ಅದೇ ವಾರ ನನ್ನ ಮಗಳ ಮೊಬೈಲು ಫೋನು ಕೈಜಾರಿ ಬಿದ್ದಿತು. ಅಂಗಡಿಯ ಹುಡುಗನು ಅದನ್ನು ಅತ್ತಿತ್ತ ತಿರುಗಿಸಿ ನೋಡಿ, “ಬಿಚ್ಚಿದರೂ ಒಳಗೆ ಏನುಂಟೆಂದು ನಮಗೆ ಗೊತ್ತಾಗುವುದಿಲ್ಲ ಸರ್, ಹೊಸತು ತೆಗೆದುಕೊಳ್ಳಿ” ಎಂದನು. ಅವನನ್ನು ದೂರಿ ಫಲವಿಲ್ಲ. ಅವನಿಗೆ ಆ ಕಾಗದವನ್ನು ಯಾರೂ ಕೊಟ್ಟಿರಲಿಲ್ಲ.

ಅಂಗೈಯಲ್ಲಿ ಹಿಡಿಯುವ ಗಣಕಯಂತ್ರಕ್ಕೂ ಇಂಥ ಕಾಗದವೊಂದು ಇರಬೇಕು, ಅದನ್ನು ಯಾರು ಬೇಕಾದರೂ ಓದುವಂತಿರಬೇಕು ಎಂದು ಹಟ ಹಿಡಿದವರು ನಮ್ಮ ಕರ್ನಾಟಕದಲ್ಲಿಯೇ ಇದ್ದರು. ಅವರು ಮಾಡಿದ ಯಂತ್ರದ ಹೆಸರು ಸಿಂಪ್ಯೂಟರು. ಅದು ಹೇಗೆ ಹುಟ್ಟಿತು, ಅದರ ಒಳಗೆ ಏನೇನನ್ನು ಯಾವ ಕಾರಣಕ್ಕಾಗಿ ಇಟ್ಟರು, ಎಲ್ಲರ ಕೈಗೂ ಅದು ಏಕೆ ಸೇರಲಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ, ಹಿಂದುಳಿದ ದೇಶಗಳಿಗೆ ಗಣಕ ವಿದ್ಯೆಯಿಂದ ಏನು ಪ್ರಯೋಜನ ಎಂಬ ವಿಷಯವಾಗಿ ಒಂದು ಅಂತಾರಾಷ್ಟ್ರೀಯ ಗೋಷ್ಠಿ ಸೇರಿತ್ತು. ಅದರ ಸಿದ್ಧತೆಯ ಮಾತುಕತೆಗಳಲ್ಲಿ ಈ ಯಂತ್ರದ ಕಲ್ಪನೆ ಮೊಳೆಯಿತು. ಭಾರತೀಯ ವಿಜ್ಞಾನ ಮಂದಿರದ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬವರೂ, ಎನ್‌ಕೋರ್ ಸಾಫ್ಟ್‌ವೇರ್ ಎಂಬ ಬೆಂಗಳೂರಿನ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರೂ ಒಂದುಗೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭದ ಆಸೆಯಿಲ್ಲದ ಸಂಸ್ಥೆಯನ್ನು ಕಟ್ಟಿದರು. 2001ರ ಏಪ್ರಿಲಿನಲ್ಲಿ ಯಂತ್ರದ ಮೊದಲ ಮಾದರಿಯನ್ನು ಲೋಕಕ್ಕೆ ತೋರಿಸಿದರು. ಸರಳ, ಅಗ್ಗ, ಬಹುಭಾಷಿ ಎಂಬ ಅರ್ಥದ ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳನ್ನು ‘ಕಂಪ್ಯೂಟರು’ ಎಂಬುದಕ್ಕೆ ಬೆಸೆದು ಆ ಹೆಸರನ್ನು ಮಾಡಿದ್ದರು. ಬೆಲೆ ಸುಮಾರು 9,000 ರೂಪಾಯಿ ಆಗಬೇಕೆಂಬುದು ಅವರ ಗುರಿ.

ಟ್ರಸ್ಟಿನವರು ಯಂತ್ರದ ನಕಾಶೆಯನ್ನು ಬಚ್ಚಿಡಲಿಲ್ಲ. ಬೇಕಾದವರು ನೋಡಬಹುದು, ಕಲಿಯಬಹುದು, ತಿದ್ದಬಹುದು. ಮಾರುವುದಕ್ಕೆಂದು ಯಂತ್ರ ತಯಾರಿಸುವವರು ಮಾತ್ರ ಒಮ್ಮೆ ಶುಲ್ಕ ಕೊಡಬೇಕು. ಅದೂ ಶ್ರೀಮಂತ ದೇಶದವರಿಗೆ ಹೆಚ್ಚು, ನಮ್ಮಂಥವರಿಗೆ ಕಡಿಮೆ. ತಯಾರಕನು ತಾನು ಕಂಡುಕೊಂಡ ಸುಧಾರಣೆಯನ್ನು ಒಂದು ವರ್ಷ ತನ್ನಲ್ಲಿಯೇ ಇಟ್ಟುಕೊಂಡು ಲಾಭ ಪಡೆಯಬಹುದು. ಆಮೇಲೆ ಅದನ್ನು ಎಲ್ಲರಿಗಾಗಿ ಒಪ್ಪಿಸಿಬಿಡಬೇಕು. ಹಳೆಗನ್ನಡ ಓದುವ ನಮ್ಮಂಥವರಿಗೆ ಈ ನಿಯಮ ಹೊಸತೆಂದು ತೋರುವುದಿಲ್ಲ. ತಾಳೆಯ ಗರಿಯ ಗ್ರಂಥವನ್ನು ಒಂದು ಊರಿನವರು ಇನ್ನೊಂದು ಊರಿನಿಂದ ತಂದು ಪ್ರತಿ ಮಾಡಿಕೊಂಡರು. ಟೀಕೆ ಬರೆಯಬಲ್ಲವರು ಟೀಕೆಯನ್ನೂ ಸೇರಿಸಿದರು. ಮೂಲಪ್ರತಿ ಗೆದ್ದಲಿಗೆ ಆಹಾರವಾದರೂ ಗ್ರಂಥ ಉಳಿದದ್ದು ಹಾಗೆ.

ಇನ್ನು ಯಂತ್ರದ ಒಳಗನ್ನು ನೋಡೋಣ. ಯಂತ್ರವನ್ನು ಯಾರು ಹಿಡಿಯುತ್ತಾರೆ ಎಂಬ ಪ್ರಶ್ನೆಯಿಂದಲೇ ಅದರ ಅಂಗಗಳ ಆಯ್ಕೆ ಆರಂಭವಾಗಬೇಕು. ಸಿಂಪ್ಯೂಟರನ್ನು ಹಿಡಿಯತಕ್ಕವನು ಇಂಗ್ಲಿಷ್ ಅರಿಯದವನು. ಕೆಲವೊಮ್ಮೆ ಯಾವ ಅಕ್ಷರವನ್ನೂ ಅರಿಯದವನು. ಆದುದರಿಂದ ಕೀಲಿಮಣೆಯನ್ನು ಬಿಟ್ಟುಬಿಟ್ಟರು. ಬದಲಿಗೆ ಕಡ್ಡಿಯಿಂದ ಮುಟ್ಟಿದರೆ ಆಜ್ಞೆಯನ್ನು ಗ್ರಹಿಸುವ ಪರದೆಯನ್ನು ಇಟ್ಟರು. ಅಡ್ಡಕ್ಕೆ 320, ಉದ್ದಕ್ಕೆ 240 ಚುಕ್ಕೆಗಳ ಆ ಪರದೆಗೆ ಬಣ್ಣವಿರಲಿಲ್ಲ. ಬಣ್ಣದ ಪರದೆ ದುಬಾರಿ. ಅದಕ್ಕಿಂತ ಮುಖ್ಯವಾಗಿ, ಅದು ವಿದ್ಯುತ್ತನ್ನು ಹೆಚ್ಚು ಕುಡಿಯುತ್ತದೆ.

ವಿದ್ಯುತ್ತಿನ ಮಾತು ಬಂದಾಗ ಯಂತ್ರದ ಮಿದುಳಾದ ಪ್ರೊಸೆಸರನ್ನು ಹೇಳಬೇಕು. ಇಂಟೆಲ್ ಸಂಸ್ಥೆಯ ಸ್ಟ್ರಾಂಗ್‌ಆರ್ಮ್ ಎಂಬ ಚಿಪ್ಪನ್ನು ಆರಿಸಿದರು. ಸೆಕೆಂಡಿಗೆ 20 ಕೋಟಿ 60 ಲಕ್ಷ ತಾಳಗಳ ವೇಗ ಅದರದು. ಮೇಜಿನ ಮೇಲಿನ ಗಣಕಗಳಲ್ಲಿ ಇದಕ್ಕಿಂತ ಚುರುಕಾದ ಚಿಪ್ಪುಗಳು ಆಗಲೇ ಇದ್ದವು. ಆದರೆ ಅವು ಬಿಸಿಯಾಗುತ್ತವೆ, ಬೀಸಣಿಗೆ ಬೇಡುತ್ತವೆ, ಸಣ್ಣ ಬ್ಯಾಟರಿಯನ್ನು ಕ್ಷಣದಲ್ಲಿ ಬರಿದುಮಾಡುತ್ತವೆ. ಸಿಂಪ್ಯೂಟರಾದರೋ ಅಂಗಡಿಯಲ್ಲಿ ಸಿಗುವ ಸಣ್ಣ ಸೆಲ್ಲುಗಳಿಂದ ನಡೆಯಬೇಕಾಗಿತ್ತು. ತಿರುಗುವ ಡಿಸ್ಕನ್ನೂ ಇಡಲಿಲ್ಲ. ಧೂಳು, ಬಸ್ಸಿನ ಕುಲುಕಾಟ ಇವುಗಳನ್ನು ಅದು ತಾಳಲಾರದು. ಒಳಗೆ 32 ಮೆಗಾಬೈಟು ಕೆಲಸದ ಸ್ಮೃತಿ, ಅದರ ಜೊತೆಗೆ ಸೆಲ್ಲು ತೆಗೆದರೂ ಮರೆಯದ ಫ್ಲಾಶ್ ಸ್ಮೃತಿ. ಇವೆಲ್ಲವನ್ನೂ ನಡೆಸುವುದಕ್ಕೆ ಲಿನಕ್ಸ್ ಎಂಬ, ಪರವಾನಿಗೆಯ ಹಣ ಕೊಡಬೇಕಿಲ್ಲದ ತಂತ್ರಾಂಶ.

ಅಕ್ಷರ ತಿಳಿಯದವನಿಗೆ ಪರದೆಯಿಂದ ಏನು ಫಲ? ಅದಕ್ಕಾಗಿ ಯಂತ್ರಕ್ಕೆ ಮಾತು ಕಲಿಸಿದರು. ಬರೆದುದನ್ನು ಓದಿ ಹೇಳುವ ಆ ತಂತ್ರಾಂಶಕ್ಕೆ ‘ಧ್ವನಿ’ ಎಂದು ಹೆಸರು. ವ್ಯಂಜನ ಸ್ವರಗಳು ಕೂಡಿದ ಸಣ್ಣ ಸಣ್ಣ ಉಲಿಗಳನ್ನು ಮುಂಚಿತವಾಗಿ ಮುದ್ರಿಸಿಟ್ಟುಕೊಂಡು, ಪದ ಬಂದಾಗ ಅವುಗಳನ್ನು ಪೋಣಿಸಿ ನುಡಿಸುವುದೇ ಅದರ ಮರ್ಮ. ಇಲ್ಲಿ ನಮ್ಮ ಲಿಪಿ ತುಂಬ ಉಪಕಾರ ಮಾಡಿತು. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹತ್ತು ಉಚ್ಚಾರಗಳು. ಹಿಂದಿಯಲ್ಲಿ ‘ರಾಮ’ ಎಂದು ಬರೆದು ‘ರಾಮ್’ ಎಂದು ಓದುತ್ತಾರೆ. ಎಲ್ಲಿ ಅಕಾರವನ್ನು ನುಂಗಬೇಕೆಂಬುದನ್ನು ಯಂತ್ರಕ್ಕೆ ಬೇರೆಯಾಗಿ ಕಲಿಸಬೇಕು. ಕನ್ನಡದಲ್ಲಿ ಬರೆದಂತೆ ಓದಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ನಮ್ಮ ವೈಯಾಕರಣರು ಅಕ್ಷರಗಳನ್ನು ಕಂಠ್ಯ, ತಾಲವ್ಯ, ಮೂರ್ಧನ್ಯ ಎಂದು ಬಾಯಿಯ ಸ್ಥಾನಗಳಂತೆ ಜೋಡಿಸಿಟ್ಟ ಶ್ರಮ ಯಂತ್ರಕ್ಕೂ ಒದಗಿತೆಂದು ನನಗೆ ಸಂತೋಷ.

ಮತ್ತೊಂದು ಜಾಣ ಆಯ್ಕೆಯೆಂದರೆ ಸ್ಮಾರ್ಟ್ ಕಾರ್ಡನ್ನು ಓದುವ ಕಿಂಡಿ. ಒಂಬತ್ತು ಸಾವಿರ ರೂಪಾಯಿ ಕೂಲಿಕಾರನಿಗೆ ಸಣ್ಣ ಮೊತ್ತವಲ್ಲವೆಂಬುದು ಟ್ರಸ್ಟಿನವರಿಗೆ ತಿಳಿದಿತ್ತು. ಆದುದರಿಂದ ಯಂತ್ರ ಊರಿನದು, ಕಾರ್ಡು ಮಾತ್ರ ಅವನವನದು ಎಂದು ಯೋಚಿಸಿದರು. ಶಾಲೆಯಲ್ಲೋ ಪಂಚಾಯತಿಯಲ್ಲೋ ಯಂತ್ರ ಇರುತ್ತದೆ. ತನ್ನ ಕಾರ್ಡನ್ನು ತೂರಿಸಿದವನಿಗೆ ತನ್ನ ಲೆಕ್ಕಪತ್ರ ಕಾಣಿಸುತ್ತದೆ. ಕಾರ್ಡು ತೆಗೆದರೆ ಯಂತ್ರ ಮುಂದಿನವನಿಗೆ. ರೇಡಿಯೋ ಕೇಳುವವರಿಗೆ ಈ ಉಪಾಯ ಪರಿಚಿತವೇ. 1956ರಲ್ಲಿ ಪುಣೆಯ ಕಡೆಯ 150 ಹಳ್ಳಿಗಳಲ್ಲಿ ಯುನೆಸ್ಕೋದ ನೆರವಿನಿಂದ ಆಕಾಶವಾಣಿಯವರು ರೈತರ ಕೂಟಗಳನ್ನು ನಡೆಸಿದಾಗ, ಒಂದು ರೇಡಿಯೋದ ಸುತ್ತ ಊರಿನವರು ಸೇರಿ ಕೇಳಿ ಚರ್ಚಿಸುತ್ತಿದ್ದರು. ಪೆಟ್ಟಿಗೆಯ ಬೆಲೆ ಇಳಿಯಲಿಲ್ಲ. ಕೇಳುವವರು ಹೆಚ್ಚಿದರು, ತಲೆಗೆ ಬೀಳುವ ಬೆಲೆ ಇಳಿಯಿತು.

ಇಷ್ಟು ವಿವೇಕದಿಂದ ಮಾಡಿದ ಯಂತ್ರ ಮನೆಮನೆಗೆ ಏಕೆ ಬರಲಿಲ್ಲ? ನಕಾಶೆ ಬರೆಯುವುದು ಒಂದು ಕಷ್ಟ. ಸ್ವಲ್ಪ ಸಂಖ್ಯೆಯಲ್ಲಿ ತಯಾರಿಸುವುದು ಇನ್ನೊಂದು ಕಷ್ಟ. ಇದನ್ನು ತಿಳಿಯುವುದಕ್ಕೆ ಮಂಗಳೂರಿನವರು ತಲೆಯೆತ್ತಿ ಮಾಡನ್ನು ನೋಡಿದರೆ ಸಾಕು. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಹೆಂಚಿನ ಕೆಲಸ ಆರಂಭಿಸಿದರು. ಹೆಂಚಿಗೆ ಬೇಕಾದ ಜೇಡಿಮಣ್ಣು ಅಗ್ಗ. ಅಚ್ಚು, ಒತ್ತುವ ಯಂತ್ರ, ಸುಡುವ ಗೂಡು ಇವು ದುಬಾರಿ. ಹತ್ತು ಹೆಂಚು ಮಾಡಿದರೂ ಹತ್ತು ಲಕ್ಷ ಮಾಡಿದರೂ ಅಚ್ಚು ಒಂದೇ. ಹತ್ತೇ ಮಾಡಿದವನು ಹೆಂಚನ್ನು ಬೆಳ್ಳಿಯ ಬೆಲೆಗೆ ಮಾರಬೇಕಾದೀತು.

ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ನಕಾಶೆ, ಪ್ಲಾಸ್ಟಿಕ್ ಕವಚದ ಉಕ್ಕಿನ ಅಚ್ಚು, ಪರೀಕ್ಷೆಯ ಸಲಕರಣೆ ಇವಕ್ಕೆಲ್ಲ ಒಂದು ಕೋಟಿ ರೂಪಾಯಿ ಮೊದಲೇ ಸುರಿಯಬೇಕು. ಪ್ರತಿಯೊಂದು ಯಂತ್ರದ ಬಿಡಿಭಾಗಗಳಿಗೆ 6,000 ರೂಪಾಯಿ ಎನ್ನೋಣ. 1,000 ಯಂತ್ರ ಮಾಡಿದರೆ ಒಂದೊಂದರ ಮೇಲೆ 10,000 ರೂಪಾಯಿ ಹೊರೆ ಬಿದ್ದು 16,000 ಆಗುತ್ತದೆ. 4,000 ಮಾಡಿದರೆ 8,500. 50,000 ಮಾಡಿದರೆ ಹೊರೆ ಕೇವಲ 200, ಅಸಲು 6,200. ಯಂತ್ರ ಅದೇ, ಜಾಣ್ಮೆ ಅದೇ. ಸಂಖ್ಯೆ ಮಾತ್ರ ಬೇರೆ.

ಇದರ ಮೇಲೆ ಬಿಡಿಭಾಗಗಳ ಪೇಚು ಬೇರೆ. ಪರದೆಯನ್ನೂ ಚಿಪ್ಪನ್ನೂ ಮಾಡುವ ಹೊರದೇಶದ ಕಾರ್ಖಾನೆಗಳು ಲಕ್ಷಗಟ್ಟಲೆ ಕೊಳ್ಳುವವರಿಗೆ ಮೊದಲ ಮಣೆ ಹಾಕುತ್ತವೆ. ಸಾವಿರ ಕೇಳುವವನು ಹೆಚ್ಚು ಬೆಲೆ ತೆರಬೇಕು, ಸರದಿಯಲ್ಲಿ ಕಾಯಬೇಕು. ಕಾಯುವಷ್ಟರಲ್ಲಿ ಆ ಚಿಪ್ಪಿನ ತಯಾರಿಕೆಯೇ ನಿಲ್ಲಬಹುದು. ಸ್ಟ್ರಾಂಗ್‌ಆರ್ಮಿನ ಗತಿಯೂ ಹಾಗೇ ಆಯಿತು; 2002ರ ಹೊತ್ತಿಗೆ ಇಂಟೆಲ್‌ನವರು ಅದರ ಸ್ಥಾನಕ್ಕೆ ಎಕ್ಸ್‌ಸ್ಕೇಲ್ ಎಂಬ ಹೊಸ ಚಿಪ್ಪುಗಳನ್ನು ತಂದರು. ನಕಾಶೆ ನಮ್ಮದಾದರೂ ಅದರೊಳಗಿನ ಮುಖ್ಯ ಇಟ್ಟಿಗೆ ಪರರ ಗೂಡಿನಲ್ಲಿ ಬೇಯುತ್ತಿತ್ತೆಂಬುದನ್ನು ಮರೆಯಬಾರದು.

2004ರ ಏಪ್ರಿಲಿನಲ್ಲಿ ಪಿಕೋಪೀಟಾ ಎಂಬ ಸಂಸ್ಥೆಯೂ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಸೇರಿ ‘ಅಮಿಡಾ’ ಎಂಬ ಹೆಸರಿನಿಂದ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದವು. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಬಣ್ಣವಿಲ್ಲದ್ದು 10,000 ರೂಪಾಯಿಯ ಹತ್ತಿರ, ಬಣ್ಣದ್ದು 20,000ದ ಹತ್ತಿರ. ಕೈಯನ್ನು ತುಸು ಓರೆ ಮಾಡಿದರೆ ಪುಟ ಮಗುಚುವ ಸೌಕರ್ಯ ಅದರಲ್ಲಿತ್ತು. ಚಲನೆಯನ್ನು ಅರಿಯುವ ಇಂಥ ಅಂಗವನ್ನು ಜಗತ್ತು 2007ರ ಐಫೋನಿನಲ್ಲಿ ಕಂಡು ಬೆರಗಾಯಿತು. ಪರದೆಯ ಮೇಲೆ ಕೈಯಿಂದಲೇ ಕನ್ನಡದಲ್ಲಿ ಬರೆದು ಓಲೆ ಕಳುಹಿಸಬಹುದಾಗಿತ್ತು. 50,000 ಯಂತ್ರ ಮಾರಬೇಕೆಂಬ ನಿರೀಕ್ಷೆಯಿತ್ತು. 2005ರ ಹೊತ್ತಿಗೆ ಮಾರಿದ್ದು ಸುಮಾರು 4,000. ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೆ, ಮೈಸೂರಿನ ಸಂಘಮಿತ್ರ ಸಂಸ್ಥೆಯ ಸಣ್ಣಸಾಲದ ಲೆಕ್ಕಕ್ಕೆ, ಛತ್ತೀಸಗಢದ ಹಳ್ಳಿಶಾಲೆಗೆ ಅದನ್ನು ಬಳಸಿ ನೋಡಿದ್ದುಂಟು. ಆದರೆ ಪ್ರಯೋಗ ಪ್ರಯೋಗವಾಗಿಯೇ ಉಳಿಯಿತು. ಅಷ್ಟರಲ್ಲಿ ಅಗ್ಗದ ಮೊಬೈಲು ಫೋನು ಎಲ್ಲರ ಕಿಸೆಗೂ ಬಂದಿತು.

ಇದಕ್ಕೆ ಎದುರಾಗಿ ಇಂಗ್ಲೆಂಡಿನ ಒಂದು ದೃಷ್ಟಾಂತ ನೋಡಿ. 2012ರ ಫೆಬ್ರವರಿ 29ರಂದು ಕೇಂಬ್ರಿಜಿನವರು ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಗಣಕಫಲಕವನ್ನು ಶಾಲಾ ಮಕ್ಕಳಿಗೆಂದು ಹೊರತಂದರು. ಮೊದಲ ಕಂತಿಗೆ 10,000 ಸಾಕೆಂದುಕೊಂಡಿದ್ದರು; ಕೇಳಿಕೆ ಲಕ್ಷ ಮೀರಿತು. ಅವರು ಪರದೆ, ಬ್ಯಾಟರಿ, ಕವಚ ಏನನ್ನೂ ಕೊಡಲಿಲ್ಲ. ಮನೆಯ ಟೆಲಿವಿಷನ್ನನ್ನೇ ಪರದೆ ಮಾಡಿಕೊಳ್ಳಿರೆಂದರು. ಚಿಪ್ಪೂ ಬೇರೆ ಕೆಲಸಗಳಿಗಾಗಿ ಆಗಲೇ ತಯಾರಾಗುತ್ತಿದ್ದಂಥದು. ಬೆಲೆ 35 ಡಾಲರು. ಆದರೆ ಅದರ ನಕಾಶೆ ಪೂರ್ತಿ ತೆರೆದದ್ದಲ್ಲ ಎಂಬುದನ್ನೂ ಹೇಳಬೇಕು. ಹೀಗೆ ತೆರೆದಿಟ್ಟದ್ದೆಲ್ಲ ಅಗ್ಗವಾಗುವುದಿಲ್ಲ. ಅಗ್ಗವಾದದ್ದೆಲ್ಲ ತೆರೆದದ್ದೂ ಅಲ್ಲ. ಅಗ್ಗತನ ಸಂಖ್ಯೆಯಿಂದ ಬರುತ್ತದೆ. ಸಂಖ್ಯೆ ಬರಬೇಕಾದರೆ ಯಾರೋ ಮೊದಲು ಧೈರ್ಯಮಾಡಿ ಕೊಳ್ಳಬೇಕು. ಬಡವನಿಗಾಗಿ ಮಾಡಿದ ವಸ್ತುವನ್ನು ಮೊದಲು ಕೊಳ್ಳಬೇಕಾದವನು ಬಡವನಲ್ಲ. ಶಾಲೆ, ಪಂಚಾಯತಿ, ಸಹಕಾರಿ ಸಂಘಗಳು. ಸಿಂಪ್ಯೂಟರಿಗೆ ಸಾಕಷ್ಟು ದೊರಕದೆ ಹೋದದ್ದು ಆ ಸಗಟು ಕೈ.

ಹಾಗಾದರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತೇ? ನಾನು ಹಾಗೆನ್ನಲಾರೆ. ಸಿಂಪ್ಯೂಟರು ಈಗ ಎಲ್ಲಿಯೂ ತಯಾರಾಗುತ್ತಿಲ್ಲ. ಆದರೆ ಅದಕ್ಕೆ ಮಾತು ಕೊಟ್ಟ ‘ಧ್ವನಿ’ ತೆರೆದ ಗ್ರಂಥವಾಗಿದ್ದುದರಿಂದ ನಮ್ಮ ನೆರೆಯ ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು ಅದನ್ನು ಎತ್ತಿಕೊಂಡು, ಮಲಯಾಳವೇ ಮೊದಲಾದ ಬೇರೆ ಭಾರತೀಯ ಭಾಷೆಗಳನ್ನೂ ಕಲಿಸಿದರು. ಬೆಂಗಳೂರಿನಲ್ಲಿ ಬರೆದುದನ್ನು ಅನುಮತಿಯ ಅರ್ಜಿಯಿಲ್ಲದೆ ಇನ್ನೊಬ್ಬರು ಮುಂದುವರಿಸಿದರು. ನಕಾಶೆಯನ್ನು ಮುಚ್ಚಿಟ್ಟಿದ್ದರೆ ಯಂತ್ರದೊಡನೆ ಮಾತೂ ನಿಂತುಹೋಗುತ್ತಿತ್ತು.

ನಮ್ಮ ಹಳೆಯ ರೇಡಿಯೋಗೆ ಬೇಕಾದ ವಾಲ್ವು ಈಗ ಸುಲಭವಾಗಿ ಸಿಗುವುದಿಲ್ಲ. ಆದರೂ ಒಮ್ಮೊಮ್ಮೆ ಒಂಬತ್ತನೆಯ ತರಗತಿಯ ಹುಡುಗರು ಮನೆಗೆ ಬಂದಾಗ ಹಿಂಬದಿಯ ಹಲಗೆ ಬಿಚ್ಚಿ ಆ ಕಾಗದವನ್ನು ತೋರಿಸುತ್ತೇನೆ. ಕಳೆದ ಸಲ ಒಬ್ಬನು ಅದನ್ನು ಬಹಳ ಹೊತ್ತು ನೋಡಿ, “ನನ್ನ ಫೋನಿನದ್ದು ಎಲ್ಲಿರುತ್ತದೆ ಸರ್?” ಎಂದು ಕೇಳಿದನು. ಆ ಪ್ರಶ್ನೆ ಕೇಳುವ ಹುಡುಗರು ನಮ್ಮಲ್ಲಿ ಹೆಚ್ಚಲಿ.